ಕೋವಿಗೆ ವಿನಾಯಿತಿ, ಬೇಟೆಗಿಲ್ಲ

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ವಾಡಿಕೆ. ಸೆಪ್ಟೆಂಬರ್ 3ರ ಕೈಲ್ ಪೋಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ನಾಟಿ ಮುಗಿದು ಆಯುಧ ಮತ್ತೆ ಕೈಗೆ ಬರುವ ಈ ಹಬ್ಬದೊಂದಿಗೆ ಹಿಂದೆ ಬೇಟೆಯ ಕಾಲವೂ ಆರಂಭವಾಗುತ್ತಿತ್ತು.

ಕಾಡುಕುರಿ ಪೊದೆಯಿಂದ ಪೊದೆಗೆ ನುಸುಳುವ ಒಂಟಿ ಪ್ರಾಣಿ. ನಾಯಿಗಳು ಅದನ್ನು ಎಬ್ಬಿಸಿದಾಗ, ದಾರಿ ಕಾದು ನಿಂತವನು ತೋಟಾ ಕೋವಿಯಿಂದ ಹೊಡೆಯುತ್ತಿದ್ದ. ಗಿಡ್ಡ ನಳಿಗೆಯ ರಿವಾಲ್ವರ್ ಹತ್ತಿರದ ಗುರಿಗಷ್ಟೇ ಸರಿ. ಅದು ಆತ್ಮರಕ್ಷಣೆಯ ಆಯುಧ.

1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ನೀಡಿದ. ಸ್ವಾತಂತ್ರ್ಯಾನಂತರವೂ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಅದು ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ರಿವಾಲ್ವರ್ ಕೂಡ ಈ ಪಟ್ಟಿಯಲ್ಲಿದೆ.

ಆದರೆ ವಿನಾಯಿತಿ ಇರುವುದು ಕೋವಿ ಹೊಂದಲು, ಬೇಟೆಯಾಡಲು ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಡಗಿಗೂ ಅನ್ವಯ. 1991ರ ತಿದ್ದುಪಡಿಯ ನಂತರ ಪರವಾನಗಿ ಪಡೆದು ಬೇಟೆಯಾಡುವ ದಾರಿಯೂ ಮುಚ್ಚಿದೆ. ಸ್ವಂತ ಕಾಫಿ ತೋಟಕ್ಕೆ ಬಂದ ಕಾಡುಕುರಿಯನ್ನು ಕೊಂದರೂ ಅಪರಾಧವೇ. ಅಂಥ ಪ್ರಕರಣ ಹೆಚ್ಚಿದಷ್ಟೂ ವಿನಾಯಿತಿಯನ್ನು ಪ್ರಶ್ನಿಸುವವರ ವಾದಕ್ಕೆ ಬಲ ಬರುತ್ತದೆ. ಹಬ್ಬದ ದಿನ ಊರ ಮೈದಾನದಲ್ಲಿ ಈಗ ಗುರಿಯಿಡುವುದು ತೆಂಗಿನಕಾಯಿಗೆ.