ರಕ್ತದ ಸೋಂಕು ಜಾತಿ ನೋಡುತ್ತಾ?

ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2023ರ ಫೆಬ್ರವರಿಯಲ್ಲಿ ಡಯಾಲಿಸಿಸ್ ರೋಗಿಗಳ ಬಗ್ಗೆ ಒಂದು ವರದಿ ಕೊಟ್ಟಿತು. 2017ರಿಂದ 2020ರವರೆಗಿನ ಲೆಕ್ಕ ಅದು. ಸ್ಟ್ಯಾಫ್ ಅನ್ನೋ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವ ಅಪಾಯ ಡಯಾಲಿಸಿಸ್‌ನಲ್ಲಿರುವವರಿಗೆ ಉಳಿದವರಿಗಿಂತ 100 ಪಟ್ಟು ಜಾಸ್ತಿ. ಅವರಲ್ಲೂ ಹಿಸ್ಪಾನಿಕ್ ಜನಾಂಗದವರಿಗೆ ಬಿಳಿಯರಿಗಿಂತ ಶೇ 40ರಷ್ಟು ಜಾಸ್ತಿ.

ಈ ಎರಡನೇ ಸಂಖ್ಯೆ ಓದಿದ ತಕ್ಷಣ "ಅವರ ರಕ್ತನೇ ಹಾಗೆ" ಅಂದುಬಿಡೋದು ಸುಲಭ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಾದ ನಮಗೆ ಈ ಧಾಟಿ ಹೊಸದಲ್ಲ. ತಾಂಡಾದವರಿಗೋ ಹಟ್ಟಿಯವರಿಗೋ ಕಾಯಿಲೆ ಬಂದರೆ ಅವರ ಜಾತಿ ಮೇಲೆ, ಅಭ್ಯಾಸದ ಮೇಲೆ ಹಾಕಿ ಸುಮ್ಮನಾಗ್ತೀವಿ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆ ಇದೆ. ಕ್ಯಾಥೆಟರ್ ಮೂಲಕ ಡಯಾಲಿಸಿಸ್ ಆಗುವವರಿಗೆ ಫಿಸ್ಟುಲಾ ಇರುವವರಿಗಿಂತ ಅಪಾಯ ಸುಮಾರು 6 ಪಟ್ಟು. ಫಿಸ್ಟುಲಾ ಅಂದರೆ ಕೈಯಲ್ಲಿ ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿ ಹೊಲಿಯೋದು. ಎಲ್ಲಾ ಚರ್ಮದ ಒಳಗೇ ಇರುತ್ತೆ, ಪ್ರತಿ ಸಲ ಸೂಜಿ ಚುಚ್ಚಿದರಾಯ್ತು. ಕ್ಯಾಥೆಟರ್ ಹಾಗಲ್ಲ. ಅದು ಕುತ್ತಿಗೆ ಹತ್ತಿರದ ದೊಡ್ಡ ರಕ್ತನಾಳದೊಳಗೆ ಇಟ್ಟ ಪ್ಲಾಸ್ಟಿಕ್ ಪೈಪು, ಒಂದು ತುದಿ ಯಾವಾಗಲೂ ಹೊರಗೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಪೈಪಿನ ಗೋಡೆ ಹಿಡಿದು ಒಳಗೆ ಇಳಿಯುತ್ತೆ, ಅಲ್ಲೇ ಅಂಟಂಟಾದ ಪದರ ಕಟ್ಟಿಕೊಳ್ಳುತ್ತೆ. ನೀರಿನ ಟ್ಯಾಂಕಿನ ಪಾಚಿ ನೆನಪಿಸಿಕೊಳ್ಳಿ. ಈ ಪದರದೊಳಗೆ ಆ್ಯಂಟಿಬಯೋಟಿಕ್ ಕೂಡ ಸರಿಯಾಗಿ ಕೆಲಸ ಮಾಡಲ್ಲ. ಎಷ್ಟೋ ಸಲ ಪೈಪನ್ನೇ ತೆಗೆಯಬೇಕಾಗುತ್ತೆ.

ಹಾಗಂತ ಎಲ್ಲಾ ಪೈಪಿನ ಮೇಲೇ ಹಾಕೋಕೂ ಆಗಲ್ಲ. ಪೈಪಿನ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದ ಮೇಲೂ ಆ ಶೇ 40 ಉಳಿದಿತ್ತು. ಬಡತನ, ಇಕ್ಕಟ್ಟಾದ ಮನೆ, ಕಡಿಮೆ ಓದು ಇರುವ ಪ್ರದೇಶಗಳಲ್ಲೇ ಸೋಂಕು ಹೆಚ್ಚು ಅಂತಲೂ ವರದಿ ಹೇಳುತ್ತೆ. ಇನ್ನೊಂದು ವಿಷಯ: ಅಮೆರಿಕದಲ್ಲಿ 2014ರಿಂದ 2019ರೊಳಗೆ ಡಯಾಲಿಸಿಸ್ ರೋಗಿಗಳ ರಕ್ತದ ಸೋಂಕು ಶೇ 40ಕ್ಕೂ ಹೆಚ್ಚು ಇಳಿಯಿತು. ಐದು ವರ್ಷದಲ್ಲಿ ಯಾರ ರಕ್ತವೂ ಬದಲಾಗಲ್ಲ ಅಲ್ವಾ? ಬದಲಾಗಿದ್ದು ಕೈ ತೊಳೆಯೋ ರೀತಿ, ಪೈಪು ನೋಡಿಕೊಳ್ಳೋ ರೀತಿ.

ಈಗ ನಮ್ಮ ಕಡೆ ನೋಡಿ. ಫಿಸ್ಟುಲಾ ಹೊಲಿದ ಮೇಲೆ ಅದು ಬಲಿಯೋಕೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಅಂದರೆ ಕಿಡ್ನಿ ಪೂರ್ತಿ ಕೈಕೊಡೋ ಮೊದಲೇ ಕಾಯಿಲೆ ಗೊತ್ತಾಗಬೇಕು. ಶುಗರ್, ಬಿಪಿ ಒಮ್ಮೆಯೂ ಚೆಕ್ ಮಾಡಿಸದೆ, ಕೊನೆಗೆ ಉಸಿರಾಟ ಕಷ್ಟ ಆದಾಗ ಕೂಡ್ಲಿಗಿಯಿಂದ ಬಳ್ಳಾರಿಗೋ, ಹರಪನಹಳ್ಳಿಯಿಂದ ದಾವಣಗೆರೆಗೋ ಓಡಿದರೆ ಅವತ್ತು ಸಿಗೋದು ಕ್ಯಾಥೆಟರ್ ಮಾತ್ರ. (ಹರಪನಹಳ್ಳಿ 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲೇ ಇತ್ತು, ಆ ಬಸ್ಸಿನ ರೂಢಿ ಹೋಗಿಲ್ಲ.) ದಿನಗೂಲಿ ಬಿಟ್ಟು ಬರಲಾಗದವರು ತಡವಾಗಿ ಬರ್ತಾರೆ. ಆಮೇಲೆ ಜಾತಿವಾರು ಪಟ್ಟಿ ಮಾಡಿದರೆ ಆ ತಡವೇ ಜಾತಿಯ ವ್ಯತ್ಯಾಸದ ಹಾಗೆ ಕಾಣಿಸುತ್ತೆ.

ಮನೆಯಲ್ಲೋ ಓಣಿಯಲ್ಲೋ ಯಾರಿಗಾದರೂ ಡಯಾಲಿಸಿಸ್ ನಡೀತಿದ್ದರೆ ಎರಡು ಮಾತು. ಚಳಿ ನಡುಕದ ಜೊತೆ ಜ್ವರ ಬಂದರೆ ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆ್ಯಂಟಿಬಯೋಟಿಕ್ ಶುರು ಮಾಡೋ ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ತಗೊಂಡ್ರಾ ಅಂತ ಕೇಳಿ.