ಸರ್ಕಾರ ಬದಲಾದರೂ ಪ್ರೋತ್ಸಾಹಧನ ಏಕೆ ನಿಲ್ಲಲಿಲ್ಲ?



ಕರುಗಳಿಗೆ ಜಂತುಹುಳು ಔಷಧಿ ಹಾಕಲು ಊರಿಗೆ ಬಂದಾಗಲೆಲ್ಲ ನೀವು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸರ್ಕಾರ ಬದಲಾದ್ರೆ ನಮ್ಮ ಐದು ರೂಪಾಯಿ ಹೋಗುತ್ತಾ?"

ಹಿಂದಿನದನ್ನು ನೋಡೋಣ. 2008ರಲ್ಲಿ ಬಿಜೆಪಿ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಆರಂಭಿಸಿತು. 2013ರಲ್ಲಿ ಬಂದ ಕಾಂಗ್ರೆಸ್ ಸರ್ಕಾರ ಅದನ್ನು ನಿಲ್ಲಿಸಲಿಲ್ಲ, 4 ರೂಪಾಯಿ ಮಾಡಿತು. ಮುಂದೆ 5 ಆಯಿತು. ಹಾಲು ಹೆಚ್ಚಿತು, ಪುಡಿ ಉಳಿಯತೊಡಗಿತು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದಿಂದ ಆ ಪುಡಿ ಶಾಲೆಯ ಮಕ್ಕಳ ಲೋಟಕ್ಕೆ ಹೋಯಿತು. 2023ರ ಚುನಾವಣೆಯಲ್ಲಿ ಕಾಂಗ್ರೆಸ್ 7 ರೂಪಾಯಿ ಕೊಡುತ್ತೇವೆ ಎಂದರೆ, ಬಿಜೆಪಿ ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಎಂದಿತು.

ಹೀಗೇಕೆ? 1985ರ ನಂತರ ನಮ್ಮ ರಾಜ್ಯದಲ್ಲಿ ಆಳುವ ಪಕ್ಷ ಚುನಾವಣೆಯಲ್ಲಿ ಮತ್ತೆ ಗೆದ್ದು ಅಧಿಕಾರ ಉಳಿಸಿಕೊಂಡಿಲ್ಲ. ಕುರ್ಚಿ ಯಾರಿಗೂ ಖಾತ್ರಿಯಿಲ್ಲ. ಹಾಲು ಹಾಕುವವರಾದರೋ ಊರೂರಿನಲ್ಲಿ, ಎಲ್ಲ ಜಾತಿಗಳಲ್ಲಿ ಇದ್ದಾರೆ. ಅವರ ಖಾತೆಗೆ ಬರುವ ಹಣಕ್ಕೆ ಕೈ ಹಾಕುವ ಧೈರ್ಯ ಯಾವ ಪಕ್ಷಕ್ಕಿದೆ? ಪೈಪೋಟಿಯಿಂದ ಹಳ್ಳಿಗೆ ಆದ ಲಾಭವಿದು. ಆ ದುಡ್ಡು ಬೆಂಗಳೂರಿನಲ್ಲಿ ಖರ್ಚಾಗುವುದಿಲ್ಲ, ನಿಮ್ಮೂರ ಅಂಗಡಿ, ಹಿಂಡಿ, ಮಕ್ಕಳ ಫೀಸಿಗೇ ಹೋಗುತ್ತದೆ. (ತಿಂಗಳುಗಟ್ಟಲೆ ಬಾಕಿ ಉಳಿದಾಗ ನೀವು ಬೈಯುವುದೂ ನನಗೆ ಗೊತ್ತು!)

ಆದರೆ ಪಕ್ಷಗಳು ಪೈಪೋಟಿ ಮಾಡುವುದು ಪಾಸ್‌ಬುಕ್ಕಿನಲ್ಲಿ ಕಾಣುವುದಕ್ಕೆ ಮಾತ್ರ. ನನ್ನ ಕೆಲಸದ ಲೆಕ್ಕ ಒಂದು ಹೇಳುತ್ತೇನೆ. ದಿನಕ್ಕೆ 8 ಲೀಟರ್ ಕೊಡುವ ಹಸುವಿಗೆ ಪ್ರೋತ್ಸಾಹಧನ 40 ರೂಪಾಯಿ. ವೈದ್ಯರು ಸಿಗದೆ ಒಂದು ಬೆದೆ ತಪ್ಪಿತು ಅನ್ನಿ. ಮುಂದಿನ ಬೆದೆಗೆ 21 ದಿನ, ಮುಂದಿನ ಕರುವೂ ಅಷ್ಟೇ ತಡ. ಹಾಲಿಲ್ಲದ ಆ ದಿನಗಳಿಗೆ ಮೇವು-ಹಿಂಡಿ ದಿನಕ್ಕೆ 100 ರೂಪಾಯಿ ಎಂದರೂ 2,100 ರೂಪಾಯಿ ಹೋಯಿತು. ಅಂದರೆ 52 ದಿನದ ಪ್ರೋತ್ಸಾಹಧನ! ಇದು ಯಾವ ಪಾಸ್‌ಬುಕ್ಕಿನಲ್ಲೂ ಬರುವುದಿಲ್ಲ. ಆರು ತಿಂಗಳಿಗೊಮ್ಮೆ ಹಾಕಬೇಕಾದ ಕಾಲುಬಾಯಿ ಜ್ವರದ ಲಸಿಕೆಯೂ ಹಾಗೆಯೇ. ಸರಿಯಾಗಿ ಹಾಕಿದರೆ ಏನೂ ಆಗುವುದಿಲ್ಲ, ಏನೂ ಆಗದ್ದಕ್ಕೆ ಯಾರೂ ಓಟು ಹಾಕುವುದಿಲ್ಲ.

ಬೆದೆ ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಇದು ನಿಮ್ಮ ಕೈಯಲ್ಲಿದೆ. ಇನ್ನು ಅಭ್ಯರ್ಥಿಗಳು ಡೇರಿ ಹತ್ತಿರ ಬಂದಾಗ ಲೀಟರಿಗೆ ಎಷ್ಟು ಎಂದು ಖಂಡಿತ ಕೇಳಿ. ಅದರ ಜೊತೆಗೆ, ನಮ್ಮ ಪಶು ಆಸ್ಪತ್ರೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಯಾವಾಗ ತುಂಬುತ್ತೀರಿ ಎಂದೂ ಕೇಳಿ.