ಅಂಗೈ ಮೇಲೊಂದು ಮಿದುಳು

ಕೈಗವಸು ತೊಟ್ಟು ಬೊಗಸೆಯೊಡ್ಡಿದೆ. ಬಂದು ಕೂತದ್ದು ಕಿಲೋ ಮೀರಿದ, ತಣ್ಣಗಿನ, ರಬ್ಬರಿನಂತೆ ಬಿಗಿದ ಮಿದುಳು. ಹಸಿಯಿದ್ದಾಗ ಇದು ಗಿಣ್ಣಿನಷ್ಟು ಮೆತ್ತಗಂತೆ. ಗಟ್ಟಿ ಮಾಡಿದ್ದು ಫಾರ್ಮಲಿನ್. ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ಸಾರ್ವಜನಿಕರಿಗೂ ಹೀಗೆ ಮುಟ್ಟಿ ನೋಡಲು ಬಿಡುತ್ತಾರೆ. ನಾನು ಹೋದದ್ದು ಮಾತ್ರ ಅಡ್ಡಡ್ಡ ಕೊಯ್ದಿಟ್ಟ ಒಂದು ಬಿಲ್ಲೆ ನೋಡಲು. ನಡುವಿನ ಟೊಳ್ಳಿನ ಎರಡೂ ಮಗ್ಗುಲಲ್ಲಿ ಹುಣಿಸೆಬೀಜದಷ್ಟು ಬೂದು ಉಬ್ಬು. ಅದೇ ಕಾಡೇಟ್. ಸ್ಕಿಜೋಫ್ರೇನಿಯಾ ಎಂಬ ಮನೋರೋಗದಲ್ಲಿ, ನರಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮೈನಿನ ಜಗಳವೆಲ್ಲ ಮುಖ್ಯವಾಗಿ ಈ ಆಸುಪಾಸಿನದು.

ಇಲ್ಲಿನ ಮಿದುಳು ಬ್ಯಾಂಕ್ 1995ರದು, ಡಾ. ಎಸ್.ಕೆ. ಶಂಕರ್ ಕಟ್ಟಿದ್ದು. ಬರುವ ಮಿದುಳುಗಳಲ್ಲಿ ಹೆಚ್ಚಿನವು ಅಪಘಾತದಲ್ಲಿ ತೀರಿಕೊಂಡವರವು, ಮನೆಯವರು ಒಪ್ಪಿ ಕೊಟ್ಟವು. ಆಕಾರ ನೋಡಲು ಫಾರ್ಮಲಿನ್ ಜಾಡಿಯಲ್ಲಿಟ್ಟದ್ದು ಸಾಕು. ಜೀನಿನ ಅಭಿವ್ಯಕ್ತಿ, ಅಂದರೆ ಜೀನಿನಿಂದ ಎಷ್ಟು ಆರ್‌ಎನ್‌ಎ ಪ್ರತಿ ತೆಗೆಯಲಾಗಿತ್ತು ಎಂಬುದನ್ನು ಅಳೆಯಲು ಮೈನಸ್ 80 ಡಿಗ್ರಿಯಲ್ಲಿಟ್ಟ ತುಣುಕೇ ಮೇಲು. ಆರ್‌ಎನ್‌ಎ ಬಲು ನಾಜೂಕು.

ಡೋಪಮೈನನ್ನು ಹಿಡಿಯುವ ಗ್ರಾಹಕಗಳು ಐದು ಬಗೆ. ಸ್ಕಿಜೋಫ್ರೇನಿಯಾದ ಮಾತ್ರೆಗಳು ಅಡ್ಡಗಟ್ಟುವುದು ಅವುಗಳಲ್ಲಿ ಡಿ2 ಎಂಬುದನ್ನು; 1975ರಲ್ಲಿ ಟೊರಾಂಟೊದ ಫಿಲಿಪ್ ಸೀಮನ್ ತೋರಿಸಿದ್ದು ಇದನ್ನೇ. ಆಮೇಲೆ ರೋಗಿಗಳ ಮಿದುಳಿನಲ್ಲಿ ಡಿ2 ಹೆಚ್ಚಿರುವುದೂ ಕಂಡಿತು. ಕಾರಣ ಸಿಕ್ಕಿತು ಎನ್ನುವಷ್ಟರಲ್ಲಿ ತಕರಾರು: ಆ ಮಾತ್ರೆ ಕೊಟ್ಟ ಇಲಿಗಳಲ್ಲೂ ಡಿ2 ಏರುತ್ತದೆ. ಹಾಗಾದರೆ ಇದು ರೋಗದ ಗುರುತೋ, ಮದ್ದಿನದೋ?

2022ರಲ್ಲಿ ಬಾಲ್ಟಿಮೋರ್‌ನ ಲೀಬರ್ ಸಂಸ್ಥೆಯವರು 400ಕ್ಕೂ ಹೆಚ್ಚು ಜನರ ಕಾಡೇಟ್‌ನ ಆರ್‌ಎನ್‌ಎ ಓದಿದರು. ಡಿ2ಗೆ ಉದ್ದದ್ದು, ಗಿಡ್ಡದ್ದು ಎಂದು ಎರಡು ರೂಪ. ಮಾತ್ರೆ ಬದಲಿಸಲಾಗದ, ರೋಗದ ಆನುವಂಶಿಕ ಅಪಾಯ ತಳುಕು ಹಾಕಿಕೊಂಡದ್ದು ಗಿಡ್ಡದರ ಕೊರತೆಯೊಂದಿಗೆ. ಅದರ ಮುಖ್ಯ ಠಿಕಾಣಿ ಡೋಪಮೈನ್ ಸುರಿಯುವ ನರಕೋಶವೇ; ಪಂಕ್ತಿಯಲ್ಲಿ ಬಡಿಸುವವನ ಸೌಟು ಹಿಡಿದು 'ಸಾಕು ಮಾರಾಯಾ' ಎನ್ನುವಂಥ ಕೆಲಸ. ತಡೆಯುವ ಕೈ ಸೋತರೆ ಸಾರು ಎಲೆ ದಾಟಿ ನೆಲಕ್ಕೆ ಹರಿಯುತ್ತದೆ. ನನಗಂತೂ ಈ ಗಿಡ್ಡದರ ಮೇಲೇ ಅಕ್ಕರೆ.

ಮದ್ದಿನ ಗುಮಾನಿ ಪೂರ್ತಿ ತೀರಬೇಕಾದರೆ ಮಾತ್ರೆಯನ್ನೇ ಕಾಣದ ರೋಗಿಯ ಮಿದುಳು ಬೇಕು; ಅದು ಸಿಕ್ಕುವುದು ಅಪರೂಪ. ಸಿಕ್ಕರೂ ಮನೆಯವರನ್ನು ಕೇಳುವ ಹೊತ್ತು ಎಂಥದ್ದು! ಶವಾಗಾರದ ಹೊರಗೆ, ಅಳು ನಿಲ್ಲುವ ಮೊದಲೇ.

ನಮ್ಮ ದೊಡ್ಡಪ್ಪ ಇದೇ ರೋಗಕ್ಕೆ ಇಪ್ಪತ್ತೆಂಟು ವರ್ಷ ಮಾತ್ರೆ ನುಂಗಿದರು. ಮಾತ್ರೆಗೂ ಮುಂಚೆ ತಾಯತ ಕಟ್ಟಿಸಿದ್ದೆವು. ತೀರಿಕೊಂಡ ದಿನ ಮಳೆಯೆಂದು ಅವಸರವಸರವಾಗಿ ಸಂಜೆಯೊಳಗೆ ಸುಟ್ಟು ಬಂದೆವು. ಮಿದುಳು ಕೊಡುತ್ತೀರಾ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅಜ್ಜಿ ಕೊಡಲು ಬಿಡುತ್ತಿರಲಿಲ್ಲ.